ಪಾವು ಕಿಲೋ ಉಳಿಸಿದ ಹನುಮವ್ವ

ತಳ್ಳುಗಾಡಿಯ ತರಕಾರಿಯವನು ನಮ್ಮ ಬೀದಿಗೆ ಬಂದರೆ ಮೊದಲು ತಲೆ ಎತ್ತಿ ನಮ್ಮ ಮನೆಯ ಮಹಡಿ ನೋಡುತ್ತಾನೆ. ಅಲ್ಲಿ ಹನುಮವ್ವ ನಿಂತಿದ್ದರೆ ಅವನ ತಕ್ಕಡಿ ತಾನಾಗಿಯೇ ಸರಿಯಾಗುತ್ತದೆ. ಒಂದು ಸಲ ನಾನು ಒಂದು ಕೆಜಿ ಟೊಮೆಟೊ ತೂಗಿಸಿಕೊಂಡು ನಿಂತಿದ್ದೆ. ಹನುಮವ್ವ ಕೆಲಸಕ್ಕೆ ಹೊರಟವಳು ನನ್ನ ಚೀಲವನ್ನು ಸುಮ್ಮನೆ ಎತ್ತಿ ಇಳಿಸಿ, ನಲವತ್ತು ಗ್ರಾಂ ಕಡಿಮೆ ಇದೆ ಎಂದಳು. ಅವನು ದೇವರಾಣೆ ಹಾಕಿದ. ಮೂಲೆ ಅಂಗಡಿಯಲ್ಲಿ ತೂಗಿಸಿದರೆ ಒಂಬೈನೂರ ಅರವತ್ತೆರಡು. ಅವನ ಮುಖ ಹುಳ್ಳಗಾಯಿತು. ಹನುಮವ್ವನಿಗೂ ಬೇಸರವೇ ಆಯಿತು, ಎರಡು ಗ್ರಾಂ ಅಂದಾಜು ತಪ್ಪಿತಲ್ಲ ಎಂದು.

ನಾನು ಅಮ್ಮಣ್ಣಿ. ನನ್ನ ಯಜಮಾನರು ದ್ವಾರಕಾನಾಥ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದು, ಬಂದ ದುಡ್ಡಿನಲ್ಲಿ ಬಾಗಲಗುಂಟೆಯಲ್ಲಿ ಈ ಮನೆ ಕಟ್ಟಿಸಿದರು. ಮಹಡಿಯ ಮೇಲಿನ ಎರಡು ಶೀಟಿನ ಕೋಣೆಗಳಲ್ಲಿ ಹನುಮವ್ವ ಇದ್ದಾಳೆ. ಬಂದು ಹದಿನಾಲ್ಕು ವರ್ಷವಾಯಿತು. ಊರು ಕುಷ್ಟಗಿ ಕಡೆ. ಗಂಡ ತೀರಿಕೊಂಡಿದ್ದಾನೆ. ಒಬ್ಬಳೇ ಮಗಳು ನೀಲಾಂಬಿಕಾ, ಅಳಿಯ ರೇವಣಸಿದ್ದ, ಇಬ್ಬರೂ ಪಕ್ಕದ ಕೋಣೆಯಲ್ಲೇ. ನನಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಬೀದಿಗೆಲ್ಲ ಗೊತ್ತು. ಹದಿನಾಲ್ಕು ವರ್ಷದಲ್ಲಿ ಏಳೆಂಟು ಬಾಡಿಗೆದಾರರನ್ನು ಓಡಿಸಿದ್ದೇನೆ. ಹನುಮವ್ವ ಮಾತ್ರ ಹೋಗಲಿಲ್ಲ. ನಾನು ಬೈದರೆ ಅವಳು ಪೂರ್ತಿ ಕೇಳಿಸಿಕೊಂಡು, ಊಟ ಆಯಿತೇನ್ರಿ ಎಂದು ಕೇಳುತ್ತಾಳೆ. ಅಂಥವಳ ಮೇಲೆ ಎಷ್ಟು ಹೊತ್ತು ಕೋಪ ಮಾಡಿಕೊಳ್ಳಲಿ.

ಅವಳ ಕೆಲಸ ಪೀಣ್ಯದಲ್ಲಿ, ಅಂಗಡಿಗಳ ತಕ್ಕಡಿ ತಯಾರಿಸುವ ಒಂದು ಸಣ್ಣ ಶೆಡ್ಡಿನಲ್ಲಿ. ಮಾಲೀಕ ಪಂಚಾಕ್ಷರಿ ಒಳ್ಳೆಯ ಮನುಷ್ಯ. ತಕ್ಕಡಿ ಪೂರ್ತಿ ತಯಾರಾದ ಮೇಲೆ ಕೊನೆಯ ಮೇಜಿಗೆ ಬರುತ್ತದೆ, ಆ ಮೇಜು ಹನುಮವ್ವನದು. ಒಂದು ಕೆಜಿ, ಎರಡು ಕೆಜಿ, ಐದು ಕೆಜಿಯ ತೂಕದ ಬಟ್ಟುಗಳನ್ನು ಒಂದೊಂದಾಗಿ ಇಟ್ಟು ತಕ್ಕಡಿಯ ಅಂಕಿ ನೋಡಬೇಕು. ಸರಿ ಇದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ. ಬಟ್ಟುಗಳನ್ನು ಅವಳು ಬರಿಗೈಯಲ್ಲಿ ಮುಟ್ಟುವುದಿಲ್ಲ, ಮೆತ್ತನೆಯ ಬಟ್ಟೆಯಲ್ಲಿ ಹಿಡಿದು ಎತ್ತುತ್ತಾಳೆ. ಕೈಬೆವರು ಅಂಟಿದರೆ ಬಟ್ಟಿನ ತೂಕವೇ ಹೆಚ್ಚಾಗುತ್ತದಂತೆ. ಅವಳ ಮೇಜು ದಾಟಿದ ತಕ್ಕಡಿ ವಾಪಸ್ ಬಂದ ದಾಖಲೆ ಇರಲಿಲ್ಲ.

ಇಷ್ಟೆಲ್ಲ ತೂಕ ತಿಳಿದವಳಿಗೆ ತನ್ನ ತೂಕದ ಬಗ್ಗೆ ಒಂದು ಹೆಮ್ಮೆಯ ಕಥೆಯಿತ್ತು. ಯಾರು ಸಿಕ್ಕರೂ ಹೇಳುತ್ತಿದ್ದಳು, ನನಗಂತೂ ನೂರು ಸಲ ಹೇಳಿದ್ದಾಳೆ. ಅವಳು ಹುಟ್ಟಿದಾಗ ತೀರ ಸಣ್ಣ ಕೂಸಂತೆ, ಅಳಲಿಕ್ಕೂ ಶಕ್ತಿಯಿಲ್ಲ. ಬದುಕಿದರೆ ಕೂಸಿನ ತೂಕದಷ್ಟು ಬೆಲ್ಲ ತೂಗಿ ಕೊಡುತ್ತೇನೆ ಎಂದು ಅವಳ ಅಜ್ಜಿ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ಕೂಸು ಬದುಕಿತು. ತೊಟ್ಟಿಲಿಗೆ ಹಾಕುವ ದಿನ ಎರಡು ಕಿಲೋ ಬೆಲ್ಲ ತಂದು, ತಕ್ಕಡಿಯ ಒಂದು ಪರಡೆಯಲ್ಲಿ ಕೂಸು, ಇನ್ನೊಂದರಲ್ಲಿ ಬೆಲ್ಲ ಇಟ್ಟು ತೂಗಿದರೆ ಪಾವು ಕಿಲೋ, ಅಂದರೆ ಕಾಲು ಕೆಜಿ, ಉಳಿದುಬಿಟ್ಟಿತು. ತೂಗಿದ ಬೆಲ್ಲ ದೇವರದು, ಅದನ್ನು ಮನೆಯವರು ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಅಜ್ಜಿ ಹುಗ್ಗಿ ಮಾಡಿ ಓಣಿಗೆಲ್ಲ ಬಡಿಸಿದಳು. ಅಂದಿನಿಂದ ಊರಲ್ಲಿ ಅವಳ ಹೆಸರು ಪಾವು ಕಿಲೋ ಉಳಿಸಿದ ಹನುಮವ್ವ. ಹುಟ್ಟಿದ ಹನ್ನೆರಡೇ ದಿನಕ್ಕೆ ಓಣಿಗೆ ಹುಗ್ಗಿ ಉಣಿಸಿದವಳು ನಾನು ಎಂದು ಎದೆ ತಟ್ಟಿಕೊಳ್ಳುತ್ತಿದ್ದಳು.

ಇನ್ನು ನನ್ನ ಒಂದು ಗುಟ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಕಥೆ ತಿಳಿಯುವುದಿಲ್ಲ. ನನಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಸಿಹಿ ಬಿಟ್ಟಿದ್ದೇನೆ ಎಂದು ಯಜಮಾನರಿಗೆ ಹೇಳಿದ್ದೆ, ಡಾಕ್ಟರಿಗೆ ಹೇಳಿದ್ದೆ, ಬೀದಿಗೂ ಹೇಳಿದ್ದೆ. ಆದರೆ ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಒಂದು ಸ್ಟೀಲಿನ ಡಬ್ಬಿ ಇತ್ತು, ಅದರಲ್ಲಿ ಉಂಡೆ ಬೆಲ್ಲ. ಮಧ್ಯಾಹ್ನ ಯಜಮಾನರು ನಿದ್ದೆ ಹೋದಾಗ ಒಂದು ಚೂರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಹಾಗೆ. ಮಂಡಿ ನೋವಿನಿಂದ ನನಗೆ ಅಕ್ಕಿ ಡಬ್ಬ ಎತ್ತಲು ಆಗದು. ಭಾನುವಾರ ಹನುಮವ್ವ ಬಂದು ಎತ್ತಿ, ಒರೆಸಿ, ಮತ್ತೆ ಇಟ್ಟು ಹೋಗುತ್ತಿದ್ದಳು. ಸ್ಟೀಲಿನ ಡಬ್ಬಿಯನ್ನೂ ಎತ್ತಿ ಒರೆಸುತ್ತಿದ್ದಳು. ಏನಿದೆ ಎಂದು ಒಂದು ದಿನವೂ ಕೇಳಿದವಳಲ್ಲ.

ಕಳೆದ ವರ್ಷ ಆಷಾಢದಲ್ಲಿ ಪಂಚಾಕ್ಷರಿಯವರ ಶೆಡ್ಡಿಗೆ ಆರು ತಕ್ಕಡಿಗಳು ವಾಪಸ್ ಬಂದವು. ಆರರ ಮೇಲೂ ಹನುಮವ್ವನ ಹಸಿರು ಚೀಟಿ. ಅಂಕಿ ತಪ್ಪು ತೋರಿಸುತ್ತಿದ್ದವು, ಅವಳು ಸರಿ ಎಂದು ಓದಿದ್ದಳು. ಮಾಲೀಕರು ಒಂದು ಮಾತೂ ಅನ್ನಲಿಲ್ಲ, ಕಣ್ಣು ತೋರಿಸಿಕೊಂಡು ಬಾ ಎಂದರು. ಅವಳಿಗೆ ಅದೇ ದೊಡ್ಡ ಅವಮಾನ. ಎರಡು ದಿನ ಮಹಡಿಯಿಂದ ಕೆಳಗೆ ಇಳಿಯಲಿಲ್ಲ. ಕನ್ನಡಕದ ಅಂಗಡಿಯವನು ಕಣ್ಣು ನೋಡಿ, ಅಮ್ಮಾ, ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ, ಆಮೇಲೆ ಕನ್ನಡಕ ಎಂದನಂತೆ. ಮಾಡಿಸಿದರೆ ಮುನ್ನೂರ ಹನ್ನೆರಡು.

ನನಗೆ ನಂಬಿಕೆಯೇ ಬರಲಿಲ್ಲ. ಸತ್ಯ ಹೇಳಬೇಕೆಂದರೆ ಸ್ವಲ್ಪ ಸಿಟ್ಟೂ ಬಂತು. ಎಪ್ಪತ್ತೆಂಟು ಕೆಜಿ ತೂಗುವ ನನಗೆ ಬಂದದ್ದು ನ್ಯಾಯ. ನಲವತ್ತಾರು ವಯಸ್ಸಿನ, ಹೊಟ್ಟೆ ಬೆನ್ನಿಗೆ ಅಂಟಿದ, ಗಾಳಿ ಬಂದರೆ ಹಾರಿಹೋಗುವಂತಿರುವ ಈ ಹೆಂಗಸಿಗೆ ಹೇಗೆ ಬಂತು? ಉಂಡು ತೇಗುವವರ ಕಾಯಿಲೆ ಅಲ್ಲವೇ ಇದು. ರಿಪೋರ್ಟೇ ಅದಲುಬದಲಾಗಿದೆ ಎಂದು ತೀರ್ಮಾನಿಸಿ, ನನ್ನ ಒಂಬತ್ತು ವರ್ಷದ ಫೈಲನ್ನೂ ಕಂಕುಳಲ್ಲಿಟ್ಟುಕೊಂಡು ಅವಳನ್ನು ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ನಮ್ಮ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರು, ಸುಕೃತಿ ಎಂದು ಹೆಸರು. ಚಿಕ್ಕ ಹುಡುಗಿ, ಆದರೆ ತಾಳ್ಮೆ ದೊಡ್ಡದು.

ರಿಪೋರ್ಟ್ ಸರಿಯಾಗಿಯೇ ಇದೆ ಎಂದರು ಅವರು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ, ಏನು ತಿನ್ನುತ್ತೀರಿ ಎಂದೆಲ್ಲ ವಿಚಾರಿಸಿದರು. ಊರಲ್ಲಿ ಜೋಳದ ರೊಟ್ಟಿ, ಹೊಲದ ಕೆಲಸ. ಇಲ್ಲಿ ಹೆಚ್ಚಾಗಿ ಅನ್ನವೇ, ನಿಂತಲ್ಲೇ ಕೆಲಸ, ಶೆಡ್ಡಿನಲ್ಲಿ ದಿನಕ್ಕೆ ಐದು ಲೋಟ ಸಕ್ಕರೆ ಚಹಾ. ಎಲ್ಲ ಬರೆದುಕೊಂಡ ಮೇಲೆ, ಹುಟ್ಟಿದಾಗ ನಿಮ್ಮ ತೂಕ ಎಷ್ಟಿತ್ತೋ ಗೊತ್ತಿರಲಿಕ್ಕಿಲ್ಲ ಅಲ್ಲವೇ ಎಂದರು.

"ಗೊತ್ತೈತ್ರಿ. ಹನ್ನೆರಡನೇ ದಿನಕ್ಕ ಒಂದು ಕಿಲೋ ಏಳನೂರ ಐವತ್ತು ಗ್ರಾಂ," ಅಂದಳು ಹನುಮವ್ವ.

ಡಾಕ್ಟರು ಪೆನ್ನು ಕೆಳಗಿಟ್ಟರು. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದವರು ಯಾರೂ ಹೀಗೆ ಗ್ರಾಂ ಲೆಕ್ಕದಲ್ಲಿ ಉತ್ತರ ಹೇಳಿರಲಿಕ್ಕಿಲ್ಲ. ಹನುಮವ್ವ ಉತ್ಸಾಹದಿಂದ ಬೆಲ್ಲದ ಕಥೆ ಪೂರ್ತಿ ಹೇಳಿದಳು, ಓಣಿಗೆ ಹುಗ್ಗಿ ಬಡಿಸಿದ್ದನ್ನೂ ಬಿಡಲಿಲ್ಲ. ಡಾಕ್ಟರು ನಗಲಿಲ್ಲ. ತಾಯಿಯ ಹೊಟ್ಟೆಯಲ್ಲಿ ಊಟ ಸಾಲದೆ ಸಣ್ಣಗೆ ಹುಟ್ಟಿದ ಮಕ್ಕಳಿಗೆ ದೊಡ್ಡವರಾದ ಮೇಲೆ ಈ ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಎಂದು ನಿಧಾನವಾಗಿ ತಿಳಿಸಿದರು. ಎಲ್ಲರಿಗೂ ಬಂದೇ ಬರುತ್ತದೆ ಎಂದೇನಲ್ಲ, ಸಾಧ್ಯತೆ ಹೆಚ್ಚು ಅಷ್ಟೇ. ಇರುವಷ್ಟರಲ್ಲೇ ಬದುಕಬೇಕು ಎಂದು ಆ ದೇಹ ಹೊಟ್ಟೆಯೊಳಗೇ ಕಲಿತುಬಿಡುತ್ತದೆ. ಸಕ್ಕರೆ ಕರಗಿಸುವ ಅಂಗವೂ ಅಷ್ಟಕ್ಕೆ ತಕ್ಕಂತೆ ಬೆಳೆದಿರುತ್ತದೆ, ಮಾಂಸಖಂಡವೂ ಕಡಿಮೆ. ಇಬ್ಬರಿಗೆಂದು ಹೂಡಿದ ಒಲೆಯ ಮೇಲೆ ಇಪ್ಪತ್ತು ಜನರ ಹಂಡೆ ಇಟ್ಟ ಹಾಗೆ, ಆಮೇಲೆ ಪಟ್ಟಣದ ಊಟ ಬಂದರೆ ತಡೆಯಲಾರದು. ನೋಡಲು ತೆಳ್ಳಗಿದ್ದರೂ ಅಷ್ಟೇ.

ಹನುಮವ್ವನ ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು. ನಲವತ್ತಾರು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದ ಕಥೆ ಅದು. ನನಗೆ ಡಾಕ್ಟರ ಮೇಲೆ ಸಿಟ್ಟು ಬಂದು, ಹಾಗಾದರೆ ದಪ್ಪ ಮಕ್ಕಳಿಗೆ ಬರುವುದೇ ಇಲ್ಲವೋ, ನನ್ನ ಮಗ ಆಕರ್ಷ್ ಹುಟ್ಟಿದಾಗ ನಾಲ್ಕೂಕಾಲು ಕೆಜಿ ಇದ್ದ, ಕಾರ್ಖಾನೆ ಆಸ್ಪತ್ರೆಗೆಲ್ಲ ಮೈಸೂರುಪಾಕು ಹಂಚಿದ್ದೆ ಎಂದೆ. ತಾಯಿಗೆ ಬಸುರಿನಲ್ಲಿ ಸಕ್ಕರೆ ಏರಿದ್ದರೆ ಮಗು ಹಾಗೆ ದಪ್ಪಗೆ ಹುಟ್ಟುವುದುಂಟು, ಅಂಥ ಮಕ್ಕಳೂ ಮುಂದೆ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು ಎಂದರು ಅವರು. ನಾನು ಫೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅಂದು ಸಂಜೆಯೇ ಬ್ರೂಕ್‌ಫೀಲ್ಡ್‌ನಲ್ಲಿರುವ ಆಕರ್ಷ್‌ಗೆ ಫೋನ್ ಮಾಡಿ ಪರೀಕ್ಷೆ ಮಾಡಿಸಿದ್ದಾಯಿತು. ಅವನ ಸಕ್ಕರೆ ಅಂಚಿನಲ್ಲಿದೆ, ಈಗ ದಿನವೂ ನಡೆಯುತ್ತಾನೆ.

ಏಳುವಾಗ ಡಾಕ್ಟರು ಮಕ್ಕಳೆಷ್ಟು ಎಂದು ಕೇಳಿದರು. ಒಬ್ಬಳೇ ಮಗಳು, ಈಗ ಐದು ತಿಂಗಳ ಬಸುರಿ ಎಂದಳು ಹನುಮವ್ವ. ಹಾಗಾದರೆ ಅವಳನ್ನು ಚೆನ್ನಾಗಿ ನೋಡಿಕೊಳ್ಳಿ, ಏನು ತಿನ್ನುತ್ತಾಳೆ ಎಂದು ಅವರು ಕೇಳಿದರು. ಇವಳು ಎದ್ದು ಹೊರಗೆ ಹೋಗಿಬಿಟ್ಟಳು.

ಆರೋಗ್ಯ ಕೇಂದ್ರದ ಹೊರಗಿನ ಕಟ್ಟೆಯ ಮೇಲೆ ಕೂತು ಅವಳು ನನಗೆ ಹೇಳಿದ್ದು ಇದು. ಅವಳಿಗೆ ಮಹಾನಂದಾ ಎಂಬ ಅಕ್ಕ ಇದ್ದಳು. ಹೊಟ್ಟೆ ತುಂಬ ಉಣ್ಣುವ, ನಗುವ ಹೆಂಗಸು. ಅವಳ ಚೊಚ್ಚಲ ಕೂಸು ದೊಡ್ಡದಾಗಿತ್ತು. ಎರಡು ದಿನ ನೋವು ತಿಂದು, ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಟ್ರ್ಯಾಕ್ಟರಿನಲ್ಲೇ ತಾಯಿ ಮಗು ಇಬ್ಬರೂ ಹೋದರು. ಅಂದಿನಿಂದ ಅವರ ಮನೆಯಲ್ಲಿ ಬಸುರಿಗೆ ಅರ್ಧ ಹೊಟ್ಟೆ. ಕೂಸು ಸಣ್ಣದಿದ್ದರೆ ಹೆರಿಗೆ ಸಲೀಸು. ಹನುಮವ್ವನೂ ಹಾಗೇ ಉಂಡು ನೀಲಾಂಬಿಕಾಳನ್ನು ಎರಡು ಕಿಲೋ ನೂರು ಗ್ರಾಂಗೆ ಹೆತ್ತಿದ್ದಳು. ಈಗ ಮಗಳಿಗೂ ಅದೇ.

"ಎರಡು ತಿಂಗಳಾತ್ರಿ ಅಮ್ಮಾರ, ಅಕಿ ತಾಟಿನ್ಯಾಗಿಂದ ಅರ್ಧ ರೊಟ್ಟಿ ನಾನ ತಗದಿಡಾಕತ್ತೀನಿ. ಹಸಿವು ಅಂತಾಳ, ತಡಕೋ ಅಂತೀನಿ. ಅಕಿ ಉಳೀಲಿ ಅಂತ ಮಾಡಿದ್ದು. ಕೂಸಿಗೆ ನನ್ನ ಬ್ಯಾನಿ ತಿನಿಸಾಕತ್ತೀನೇನ್ರಿ?"

ಎಂದೂ ಅಳದವಳು ಅತ್ತಳು, ನನಗೂ ತಡೆಯಲಿಲ್ಲ. ಆಮೇಲೆ ಅವಳ ಬೆನ್ನಿಗೊಂದು ಗುದ್ದು ಕೊಟ್ಟು, ಇನ್ನೂ ನಾಲ್ಕು ತಿಂಗಳಿದೆ ಕಣೇ, ಏಳು ಎಂದೆ.

ಅವಳು ಎದ್ದಳು ನೋಡಿ, ಎದ್ದವಳನ್ನು ಹಿಡಿಯುವವರೇ ಇಲ್ಲ. ಮರುದಿನದಿಂದ ನೀಲಾಂಬಿಕಾಳಿಗೆ ಬೆಳಿಗ್ಗೆ ತುಪ್ಪದ ಶಿರಾ, ಹತ್ತು ಗಂಟೆಗೆ ಅಂಟಿನುಂಡೆ, ಮಧ್ಯಾಹ್ನ ಅನ್ನದ ರಾಶಿ, ಸಂಜೆ ಬೆಲ್ಲದ ಸಜ್ಜಕ, ಹಾಲಿಗೆ ನಾಲ್ಕು ಚಮಚ ಸಕ್ಕರೆ. ಆ ಹುಡುಗಿ ಸಾಕು ಎಂದರೂ ಕೇಳಲಿಲ್ಲ. ಕುಬಸದ, ಅಂದರೆ ಸೀಮಂತದ, ದಿನ ಬಂದ ಹೆಂಗಸರೆಲ್ಲ ಒಂದೊಂದು ತುತ್ತು ಹೋಳಿಗೆ ತಿನ್ನಿಸಿದರೆ, ಇವಳು ಪಕ್ಕದಲ್ಲಿ ಕೂತು ಎರಡೆರಡು ತಿನ್ನಿಸಿದಳು. ತನಗೆ ಮಾತ್ರೆ, ಪಥ್ಯ, ಒಂದು ಚಮಚ ಸಕ್ಕರೆಯೂ ಇಲ್ಲ, ಮಗಳಿಗೆ ಹಬ್ಬದೂಟ. ಕಣ್ಣೂ ತಿಳಿಯಾಯಿತು, ಮತ್ತೆ ತನ್ನ ಮೇಜಿಗೆ ಹೋಗಿ ನಿಂತಳು. ಅಳಿಯ ರೇವಣಸಿದ್ದ ಮಾತ್ರ ಒಂದು ದಿನ ನನ್ನ ಹತ್ತಿರ ಬಂದು, ನೀವಾದರೂ ಒಂದು ಮಾತು ಹೇಳ್ರಿ, ನನ್ನ ಹೆಂಡತಿಗೆ ಉಸಿರು ಬಿಡಾಕ ಆಗವಲ್ದು ಎಂದ. ನಾನು ಅವನಿಗೇ ಬೈದು ಕಳಿಸಿದೆ. ಬಸುರಿ ತಿನ್ನಬಾರದೆ ಎಂದೆ. ನನ್ನ ಬುದ್ಧಿಯೂ ಅಷ್ಟೇ ಇತ್ತು.

ಏಳನೇ ತಿಂಗಳಿಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿದರು. ನೀಲಾಂಬಿಕಾಳಿಗೆ ಸಕ್ಕರೆ ಏರಿತ್ತು.

ಡಾಕ್ಟರು ಸುಕೃತಿ ಅವತ್ತು ಮೊದಲ ಸಲ ಗದರಿಸಿದರು. ಈ ಹುಡುಗಿಯೂ ಕಡಿಮೆ ತೂಕದಲ್ಲಿ ಹುಟ್ಟಿದವಳು, ಇವಳ ದೇಹವೂ ಅದೇ ಸಣ್ಣ ಒಲೆ. ಅರ್ಧ ಹೊಟ್ಟೆ ಕೊಟ್ಟದ್ದೂ ತಪ್ಪು, ಈಗ ಸಿಹಿ ತುರುಕಿದ್ದೂ ತಪ್ಪು. ಸಕ್ಕರೆ ಹೀಗೇ ಏರಿದ್ದರೆ ಕೂಸು ಮಿತಿ ಮೀರಿ ದಪ್ಪಗಾಗಬಹುದು, ಆ ಕೂಸಿಗೂ ಮುಂದೆ ಇದೇ ಗಂಡಾಂತರ ಎಂದರು. ನಾನು ಹನುಮವ್ವನ ಮುಖ ನೋಡಿದೆ, ಈಗ ಕುಸಿದು ಬೀಳುತ್ತಾಳೆ ಎಂದುಕೊಂಡೆ. ಅವಳು ಬೀಳಲಿಲ್ಲ. ತನ್ನ ಮೇಜಿನ ಮಾತಾಡಿದಳು.

"ಕಡಿಮಿ ತೋರಿಸೋ ತಕ್ಕಡಿಗೂ ಕೆಂಪು ಚೀಟಿ, ಜಾಸ್ತಿ ತೋರಿಸೋ ತಕ್ಕಡಿಗೂ ಕೆಂಪು ಚೀಟಿ. ಇಷ್ಟು ವರ್ಷ ನಾನ ಹಚ್ಚೀನಿ, ನನಗ ತಿಳೀಲಿಲ್ಲ ನೋಡ್ರಿ. ಸರಿ ತೂಕ ಎಷ್ಟು ಅಂತ ಹೇಳ್ರಿ, ನಾ ಮಾಡ್ತೀನಿ."

ಡಾಕ್ಟರು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಹನುಮವ್ವ ಅದನ್ನು ಗೋಡೆಗೆ ಅಂಟಿಸಿ, ಶೆಡ್ಡಿನಿಂದ ಒಂದು ಹಳೆಯ ಸಣ್ಣ ತಕ್ಕಡಿ ತಂದು ಒಲೆಯ ಪಕ್ಕ ಇಟ್ಟಳು. ಜೋಳದ ರೊಟ್ಟಿ ಇಷ್ಟು, ಹೆಸರುಕಾಳಿನ ಪಲ್ಯ ಇಷ್ಟು, ಪುಂಡಿಸೊಪ್ಪಿನ ಪಲ್ಯ ಹೊಟ್ಟೆ ತುಂಬ, ಮೊಟ್ಟೆ ಒಂದು, ಮೊಸರು ಒಂದು ಬಟ್ಟಲು, ಅನ್ನ ಒಂದು ಹಿಡಿ. ಹಸಿವು ಎಂದರೆ ತಡೆದುಕೋ ಎನ್ನುವ ಮಾತು ನಿಂತಿತು. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಊಟ. ಪ್ರತಿ ಊಟದ ಮೇಲೆ ತಾಯಿ ಮಗಳು ಮಹಡಿಯ ಮೇಲೆ ಹದಿನೈದು ನಿಮಿಷ ನಡೆಯುತ್ತಿದ್ದರು. ಕೆಳಗೆ ನನ್ನ ತಲೆಯ ಮೇಲೆ ಚಪ್ಪಲಿಯ ಚಟಪಟ. ಮೂರು ದಿನ ಸಹಿಸಿದೆ, ನಾಲ್ಕನೆಯ ದಿನ ಬೈಯಲೆಂದೇ ಮಂಡಿ ಹಿಡಿದುಕೊಂಡು ಮೇಲೆ ಹತ್ತಿದೆ. ಬಂದದ್ದು ಬಂದಿರಿ, ಎರಡು ಸುತ್ತು ಹಾಕ್ರಿ ಎಂದಳು ಹನುಮವ್ವ. ಬೈಯುತ್ತಲೇ ಹಾಕಿದೆ. ಮರುದಿನವೂ ಹೋದೆ.

ಎರಡು ವಾರಕ್ಕೆ ನೀಲಾಂಬಿಕಾಳ ಸಕ್ಕರೆ ಇಳಿಯಿತು. ಸೂಜಿಮದ್ದು ಬೇಕಾಗಲಿಲ್ಲ. ಆದರೂ ಹನುಮವ್ವನಿಗೆ ಎದೆಯಲ್ಲಿ ಅಳುಕು ಇದ್ದೇ ಇತ್ತು. ಎರಡು ತಿಂಗಳು ತಾನು ತೆಗೆದಿಟ್ಟ ಅರ್ಧ ರೊಟ್ಟಿ ಕೂಸಿನ ಮೈಯಲ್ಲಿ ಎಲ್ಲಿ ಕಡಿಮೆ ಬೀಳುತ್ತದೋ ಎಂದು. ಹುಲಿಗೆಮ್ಮನಿಗೆ ಅವಳೂ ಬೆಲ್ಲದ ಹರಕೆ ಹೊತ್ತಳು. ಪಾವು ಕಿಲೋ ಉಳಿಸುವ ಕೂಸು ಮಾತ್ರ ಬೇಡ ತಾಯಿ ಎಂದು ಕೇಳಿಕೊಂಡಳಂತೆ. ಊರವರು ಫೋನಿನಲ್ಲಿ ಆ ಹಳೆಯ ಹೆಸರು ಹಿಡಿದು ಕರೆದರೆ ಈಗ ಅವಳು ನಗುತ್ತಿರಲಿಲ್ಲ.

ದಿನ ತುಂಬಿ ಒಂದು ಬೆಳಿಗ್ಗೆ ನೋವು ಬಂತು. ಹೆರಿಗೆ ಆಸ್ಪತ್ರೆಗೆ ಆಟೋದಲ್ಲಿ ಹೊರಟಾಗ ಹನುಮವ್ವನ ಮಡಿಲಲ್ಲಿ ಒಂದು ಹಳದಿ ಬಟ್ಟೆಯ ಗಂಟು. ದೇವರ ಭಂಡಾರವಿರಬೇಕು ಎಂದುಕೊಂಡೆ. ಮಧ್ಯಾಹ್ನ ಹನ್ನೆರಡಕ್ಕೆ ಸಹಜ ಹೆರಿಗೆ, ಹೆಣ್ಣು ಕೂಸು, ಜೋರಾಗಿ ಅಳುತ್ತಿತ್ತು. ನರ್ಸು ಕೂಸನ್ನು ತೂಕಕ್ಕೆ ಇಡಲು ಹೋದರೆ ಹನುಮವ್ವ ಅಡ್ಡ ನಿಂತಳು. ಮೊದಲು ತಕ್ಕಡಿಯ ಪರೀಕ್ಷೆ ಆಗಬೇಕಂತೆ. ಗಂಟು ಬಿಚ್ಚಿದರೆ ಎರಡು ಕಿಲೋ ತೂಕದ ಬಟ್ಟು, ಪಂಚಾಕ್ಷರಿಯವರನ್ನು ಕೇಳಿ ಶೆಡ್ಡಿನಿಂದ ತಂದದ್ದು. ನರ್ಸಿಗೆ ರೇಗಿತು. ಇದು ಆಸ್ಪತ್ರೆ ಕಣಮ್ಮಾ, ತರಕಾರಿ ಅಂಗಡಿಯಲ್ಲ ಎಂದರು. ರೇಗುವುದರಲ್ಲಿ ನಾನೇನು ಕಡಿಮೆ, ನಾನು ನರ್ಸಿನ ಜೊತೆ ಜಗಳಕ್ಕೆ ನಿಂತೆ. ಅಷ್ಟರಲ್ಲಿ ಇವಳು ಬಟ್ಟೆಯಲ್ಲಿ ಹಿಡಿದು ಬಟ್ಟನ್ನು ತಕ್ಕಡಿಯ ಮೇಲೆ ಇಟ್ಟೂ ಆಗಿತ್ತು. ಸರಿಯಾಗಿ ಎರಡು, ಮುಂದೆ ಮೂರು ಸೊನ್ನೆ.

ಆಮೇಲೆ ಕೂಸನ್ನು ಮಲಗಿಸಿದರು. ಎರಡು ಕಿಲೋ ಏಳುನೂರ ನಲವತ್ತು.

ಹನುಮವ್ವ ಅಂಕಿಯನ್ನು ಮೂರು ಸಲ ಓದಿದಳು. ನನ್ನಿಂದಲೂ ಓದಿಸಿದಳು. ಕೂಸಿನ ರಕ್ತದ ಸಕ್ಕರೆಯೂ ಸರಿಯಾಗಿದೆ ಎಂದು ನರ್ಸು ಹೇಳಿದ ಮೇಲೆ, ಸೊಂಟದ ಚೀಲದಿಂದ ಒಂದು ಹಸಿರು ಚೀಟಿ ತೆಗೆದು ಆಸ್ಪತ್ರೆಯ ತಕ್ಕಡಿಗೆ ಅಂಟಿಸಿಬಿಟ್ಟಳು. ಮೊನ್ನೆ ಚುಚ್ಚುಮದ್ದಿಗೆ ಹೋದಾಗ ನೋಡಿದೆ, ಇನ್ನೂ ಅಲ್ಲೇ ಇದೆ.

ಹನ್ನೆರಡನೆಯ ದಿನ ತೊಟ್ಟಿಲ ಶಾಸ್ತ್ರ, ಬೆಲ್ಲದ ಹರಕೆ. ಬೆಲ್ಲ ನಾನು ಕೊಡಿಸುತ್ತೇನೆ, ಎಷ್ಟು ಬೇಕು ಎಂದು ಕೇಳಿದೆ. ಎರಡು ಕಿಲೋ ತರ್ರಿ ಎಂದಳು. ನನಗೆ ತಲೆ ಕೆಟ್ಟಿತು. ಕೂಸು ಈಗ ಎರಡು ಕಿಲೋ ಎಂಟುನೂರರ ಹತ್ತಿರ ಇರುತ್ತದೆ, ತೂಕದ ಹೆಂಗಸು ನೀನು, ಎರಡು ಕಿಲೋ ಎಲ್ಲಿ ಸಾಲುತ್ತದೆ ಎಂದು ರೇಗಿದೆ. ನಮ್ಮ ಅಜ್ಜಿ ಎರಡು ಕಿಲೋ ತಂದಿದ್ದಳು, ಎರಡೇ ಬೇಕು ಎಂದು ಹಟ. ದೇವರ ಕೆಲಸದಲ್ಲಿ ಯಾಕೆ ಜಗಳ ಎಂದು ಎರಡೇ ತಂದುಕೊಟ್ಟೆ.

ಮಹಡಿಯ ಕಬ್ಬಿಣದ ಕಂಬಿಗೆ ಪಂಚಾಕ್ಷರಿಯವರ ತಂದೆಯ ಕಾಲದ ದೊಡ್ಡ ತಕ್ಕಡಿ ಕಟ್ಟಿದರು. ಬೀದಿಯ ಹೆಂಗಸರೆಲ್ಲ ಬಂದಿದ್ದರು, ಡಾಕ್ಟರು ಸುಕೃತಿಯೂ ಐದು ನಿಮಿಷಕ್ಕೆಂದು ಬಂದು ನಿಂತಿದ್ದರು. ನನ್ನ ಯಜಮಾನರು ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದರು. ಒಂದು ಪರಡೆಯಲ್ಲಿ ಕಂಬಳಿ ಹಾಸಿ ಕೂಸನ್ನು ಮಲಗಿಸಿದರು, ಅಷ್ಟೇ ತೂಕದ ಇನ್ನೊಂದು ಕಂಬಳಿಯನ್ನು ಆಚೆ ಪರಡೆಗೆ ಹಾಸಿ ಹನುಮವ್ವ ಬೆಲ್ಲ ಇಟ್ಟಳು. ಒಂದು ಅಚ್ಚು, ಎರಡು, ಮೂರು, ನಾಲ್ಕು. ಎಲ್ಲ ಇಟ್ಟಾಯಿತು. ಕೂಸಿನ ಪರಡೆ ಕೆಳಗಿನಿಂದ ಅಲುಗಲೇ ಇಲ್ಲ.

ಹನುಮವ್ವ ಖಾಲಿ ಚೀಲವನ್ನು ತಲೆಕೆಳಗು ಮಾಡಿ ಎಲ್ಲರಿಗೂ ತೋರಿಸಿದಳು.

"ಸಾಲ್ಲಿಲ್ಲ," ಅಂದಳು. "ನನ್ನ ಮೊಮ್ಮಗಳಿಗೆ ಎರಡು ಕಿಲೋ ಸಾಲ್ಲಿಲ್ಲ ನೋಡ್ರಿ."

ಆಗ ನನಗೆ ತಿಳಿಯಿತು ಎರಡು ಕಿಲೋದ ಹಟ ಯಾಕೆಂದು. ಈ ಒಂದು ಮಾತು ನಾಲ್ಕು ಜನರ ಮುಂದೆ ಹೇಳಲಿಕ್ಕಾಗಿ ಅವಳು ಕಾದಿದ್ದಳು. ನೀಲಾಂಬಿಕಾ ಬಾಯಿಗೆ ಸೆರಗು ಇಟ್ಟುಕೊಂಡು ಅಳುತ್ತಿದ್ದಳು, ಡಾಕ್ಟರು ಬೇರೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಯಾರೋ ಅಂಗಡಿಗೆ ಹೋಗಿ ಬೆಲ್ಲ ತರುತ್ತೇನೆ ಎಂದು ಎದ್ದರು. ಅವತ್ತು ಸೋಮವಾರ, ಬೀದಿಯ ಅಂಗಡಿ ಬಾಗಿಲು ತೆಗೆಯುವುದಿಲ್ಲ, ಕೂಸು ತಕ್ಕಡಿಯಲ್ಲಿ ಅಳಲು ಶುರುಮಾಡಿತ್ತು. ಹರಕೆಯ ತಕ್ಕಡಿಯಿಂದ ಕೂಸನ್ನು ಅರ್ಧಕ್ಕೆ ಎತ್ತುವಂತಿಲ್ಲವಂತೆ.

ಯಜಮಾನರು ಎದುರಿಗೇ ಇದ್ದಾರೆ, ಡಾಕ್ಟರೂ ಇದ್ದಾರೆ. ಒಂಬತ್ತು ವರ್ಷದ ಮಾನ. ಆದರೆ ಆ ಕೂಸಿನ ಅಳು ಕೇಳಿಕೊಂಡು ಕೂರಲಾಗಲಿಲ್ಲ. ಮಂಡಿ ನೋವು ಮರೆತು ಕೆಳಗಿಳಿದೆ, ಅಕ್ಕಿ ಡಬ್ಬದ ಹಿಂದಿನಿಂದ ಸ್ಟೀಲಿನ ಡಬ್ಬಿ ತಂದು ಎಲ್ಲರ ಎದುರು ಮುಚ್ಚಳ ತೆಗೆದೆ. ಯಜಮಾನರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಹನುಮವ್ವ ಉಂಡೆಗಳನ್ನು ಒಂದೊಂದಾಗಿ ಇಡತೊಡಗಿದಳು. ಡಬ್ಬಿಯ ತಳದ ಪುಡಿಯನ್ನೂ ಎಲೆಯ ಮೇಲೆ ಸುರಿದು ಇಟ್ಟಳು. ಕೂಸಿನ ಪರಡೆ ಮೆಲ್ಲಗೆ ಮೇಲೆದ್ದಿತು. ತಕ್ಕಡಿಯ ಮುಳ್ಳು ಎರಡು ಸಲ ಆಚೀಚೆ ಆಡಿ ನಡುವೆ ನಿಂತಿತು.

ಡಬ್ಬಿಯಲ್ಲಿ ಒಂದು ಚೂರೂ ಉಳಿದಿರಲಿಲ್ಲ. ತೂಗಿದ ಬೆಲ್ಲ ದೇವರದು, ಇನ್ನು ನಾನು ಮುಟ್ಟುವಂತಿಲ್ಲ. ಅಲ್ಲ, ಇಷ್ಟು ಸರಿಯಾಗಿ ಹೇಗೆ ಸಾಲಿತು ಎಂದು ನನಗೆ ಆಶ್ಚರ್ಯ. ಹನುಮವ್ವ ಕೂಸನ್ನು ಎತ್ತಿ ನನ್ನ ತೋಳಿಗೆ ಕೊಡುತ್ತಾ, ನನಗೆ ಮಾತ್ರ ಕೇಳುವಂತೆ ಹೇಳಿದಳು.

"ಭಾನುವಾರ ಒರಸೂ ಮುಂದ ಎತ್ತಿ ನೋಡಿದ್ನಲ್ರಿ. ಬಾಕಿ ಎಂಟನೂರು ಗ್ರಾಂ ನಿಮ್ಮ ಡಬ್ಬಿಯೊಳಗ ಇತ್ತು."

ಬೈಯಬೇಕೆಂದು ಬಾಯಿ ತೆರೆದೆ. ಕೂಸು ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು, ಕೈಗೆ ಒಳ್ಳೆ ಭಾರವಾಗಿತ್ತು. ಸಂಜೆ ಊಟದ ಮೇಲೆ ಎಂದಿನಂತೆ ಮಹಡಿಗೆ ಹೋದೆ. ಅವತ್ತು ಯಜಮಾನರೂ ಚಪ್ಪಲಿ ಹಾಕಿಕೊಂಡು ನನ್ನ ಹಿಂದೆಯೇ ಹತ್ತಿ ಬಂದರು.